ಬಿಸಿಲಲ್ಲೂ ಜಾರಿದ ಬೆಲ್ಟು

ಇವತ್ತು ನನ್ನ ಮೊಮ್ಮಗಳು ಪಂಪಾ ಸುರಿಯುವ ಮಳೆಯಲ್ಲಿ ವ್ಯಾನು ಓಡಿಸಿಕೊಂಡು ಸಂಡೂರಿಗೆ ಹೋಗಿ, ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಹೊಸಪೇಟೆಗೆ ತಿರುಗಿ ಬಂದಳು. ಬೆಲ್ಟು ಜಾರಲಿಲ್ಲ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಹೇಳಿದರೂ ನಡೆಯುತ್ತದೆ. ಮಧ್ಯಾಹ್ನದಿಂದ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಹಾಲಿನವಳು ಕ್ಯಾನು ಇಳಿಸದೆಯೇ ಕೇಳಿ, "ಅದರಾಗೇನೈತಿ ಬೇ, ದಿನಾ ನೂರು ಗಾಡಿ ಹೋಗ್ತಾವ, ಬರ್ತಾವ" ಅಂದು ಹೊರಟುಹೋದಳು. ಅವಳಿಗೆ ಪುರುಸೊತ್ತಿಲ್ಲ. ನೀವಾದರೂ ಸ್ವಲ್ಪ ಕುಂತು ಕೇಳಿರಿ.

ನಾನು ಕಂಪ್ಲಿಯಲ್ಲಿ ನಾಲ್ಕನೇ ಕ್ಲಾಸಿನ ತನಕ ಓದಿದವಳು. ಬರೆಯುವಾಗ ಕೈ ನಿಧಾನ, ಸಂತೋಷ ಜಾಸ್ತಿಯಾದಾಗ ಇನ್ನೂ ನಿಧಾನ. ನಮ್ಮ ಮನೆಯ ಕೆಲಸ ಜೋಳದ ರೊಟ್ಟಿ. ಡ್ಯಾಂ ರೋಡಿನ ಬದಿಯ ಮನೆ, ಅಂಗಳದಲ್ಲಿ ಸೌದೆ ಒಲೆ. ನಾನೂ ಸೊಸೆ ಗಿರಿಜಾಳೂ ತಟ್ಟುತ್ತೇವೆ, ಬೇಯಿಸುತ್ತೇವೆ, ವ್ಯಾನು ಹೊತ್ತುಕೊಂಡು ಹೋಗುತ್ತದೆ. ಮೊದಲು ಕಂಪ್ಲಿಯ ಅಕ್ಕಿ ಗಿರಣಿಗಳಿಗೆ ಮಾತ್ರ ಹೋಗುತ್ತಿತ್ತು. ಈ ಮಳೆಗಾಲದ ಹೊತ್ತಿಗೆ ಸಂಡೂರಿನ ಗಣಿ ಕ್ಯಾಂಟೀನಿನವರೂ ಕೇಳಿದರು. ಮಗ ವೀರೇಶ ಕಾಲುವೆ ಆಫೀಸಿನಲ್ಲಿ ಕೆಲಸದವನು. ಡ್ಯೂಟಿಗೆ ಮುಂಚೆ ಅವನೇ ವ್ಯಾನು ಓಡಿಸುತ್ತಿದ್ದ. ಅವನ ಪಾಳಿ ಬೆಳಗಿನದಾದ ಮೇಲೆ ಅವನ ಮಗಳು ಪಂಪಾ ಸ್ಟೀರಿಂಗು ಹಿಡಿದಳು. ಲೈಸನ್ಸು ತೆಗೆದು ವರ್ಷವಾಗಿತ್ತು, ಓಡಿಸಲು ಕೈ ತುರಿಸುತ್ತಿತ್ತು. ಅವಳು ಹಿಡಿದ ವಾರವೇ, ಜೋರು ಮಳೆಯ ದಿನ, ಮೊದಲ ಸಲ ಬೆಲ್ಟು ಜಾರಿತು. ಇನ್ನೇನು, ಓಣಿಯವರು ತೀರ್ಪು ಕೊಟ್ಟರು. ಹುಡುಗಿ ಓಡಿಸಿದಳು, ಬೆಲ್ಟು ಜಾರಿತು. ನನ್ನ ಮಗನೂ ಓಣಿಯವರ ಜೊತೆಗೇ ಸೇರಿಕೊಂಡ.

ಈ ಬೆಲ್ಟು ಸೊಂಟದ ಬೆಲ್ಟಲ್ಲ. ಇಂಜಿನ್ನಿನ ಬದಿಯಲ್ಲಿ ಮೂರು ಗಾಲಿಗಳ ಸುತ್ತ ಬಿಗಿಯಾಗಿ ಕುಂತಿರುವ ರಬ್ಬರಿನ ಪಟ್ಟಿ. ಇಂಜಿನ್ನನ್ನು ತಂಪಿಡುವ ನೀರಿನ ಪಂಪೂ ಕರೆಂಟು ಹುಟ್ಟಿಸುವ ಡೈನಮೋವೂ ಅದರಿಂದಲೇ ತಿರುಗುತ್ತವೆ. ಅದು ಕಳಚಿಕೊಂಡರೆ ಡ್ರೈವರಿನ ಮುಂದೆ ಕೆಂಪು ದೀಪ ಹತ್ತುತ್ತದೆ, ಇಂಜಿನ್ನು ಕಾಯುತ್ತದೆ, ಗಾಡಿ ನಿಲ್ಲಿಸಲೇಬೇಕು. ಇದನ್ನೆಲ್ಲ ಪಂಪಾ ನನಗೆ ಅಡುಗೆಮನೆಯಲ್ಲಿ ಕಲಿಸಿದಳು. ಎರಡು ಬಟ್ಟಲು, ಒಂದು ಲೋಟ ಬೋರಲು ಹಾಕಿ, ಸುತ್ತಲೂ ನನ್ನ ಲಂಗದ ಲಾಡಿ ಸುತ್ತಿ ತೋರಿಸಿದಳು. ಅರ್ಥವಾಯಿತು. ಆಮೇಲೆ ಲಾಡಿ ಹುಡುಕಲು ಅರ್ಧ ತಾಸು ಹಿಡಿಯಿತು.

ಆದರೆ ಬೆಲ್ಟಿನ ವಿಷಯದಲ್ಲಿ ನಾನು ಪೂರ್ತಿ ದಡ್ಡಿ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನಮ್ಮಪ್ಪ ಕಂಪ್ಲಿಯ ಒಂದು ಗಿರಣಿಯಲ್ಲಿ ಇಂಜಿನ್ ಕೋಣೆಯ ಆಳಾಗಿದ್ದ. ಆಗಿನ ಗಿರಣಿಯ ಬೆಲ್ಟು ನೋಡಬೇಕಿತ್ತು ನೀವು. ಒಂದು ಮನೆಯಷ್ಟು ಉದ್ದ, ಗೇಣಗಲ, ಪಟಪಟ ಹೊಡೆದುಕೊಳ್ಳುತ್ತ ಓಡುತ್ತಿತ್ತು. ಊಟದ ಬುತ್ತಿ ಒಯ್ದಾಗ ನಾನು ಬಾಗಿಲಲ್ಲೇ ನಿಲ್ಲಬೇಕು, ಒಳಗೆ ಕಾಲಿಡುವಂತಿಲ್ಲ. ಕಾಲುವೆಗೆ ನೀರು ಬಿಟ್ಟು, ಮಳೆಯೂ ಹಿಡಿದು, ಗೋಡೆಯೆಲ್ಲ ತಂಪಾದ ದಿನಗಳಲ್ಲಿ ಆ ಬೆಲ್ಟು ಸಡಿಲಾಗಿ ಜಾರುತ್ತಿತ್ತು. ಅಪ್ಪ ಒಂದು ಚಿಟಿಕೆ ರಾಳದ ಪುಡಿ ಎರಚುತ್ತಿದ್ದ. ಬೆಲ್ಟು ಕಿರ್ ಅಂತ ಕೂಗಿ ಗಾಲಿಯನ್ನು ಕಚ್ಚಿ ಹಿಡಿಯುತ್ತಿತ್ತು. ಗುಡಿಯಲ್ಲಿ ರಾಳದ ಧೂಪ ಹಾಕಿದಾಗ ಎಲ್ಲರಿಗೂ ದೇವರು ನೆನಪಾದರೆ ನನಗೆ ಇವತ್ತಿಗೂ ನಮ್ಮಪ್ಪನೇ ನೆನಪಾಗುವುದು.

ಹೀಗೆ ತಿಳುವಳಿಕೆ ಇದ್ದವಳು ಸುಮ್ಮನೆ ಕೂರುವುದು ಹೇಗೆ? ಪೂಜೆ ಸಾಮಾನಿನ ಅಂಗಡಿಯಿಂದ ರಾಳ ತಂದು ಕುಟ್ಟಿ, ಒಂದು ಬೆಳಗಿನ ಜಾವ ಯಾರೂ ಏಳುವ ಮೊದಲೇ ವ್ಯಾನಿನ ಸೀಟು ಎತ್ತಿ ಬೆಲ್ಟಿಗೆ ತಿಕ್ಕಿಬಿಟ್ಟೆ. ಅವತ್ತು ವ್ಯಾನು ಹೊಸಪೇಟೆಯಿಂದ ಸಂಡೂರಿನ ತನಕ ಕೂಗಿಕೊಂಡೇ ಹೋಯಿತಂತೆ. ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದ ನಾಯಿಗಳೆಲ್ಲ ಎದ್ದು ನಿಂತವಂತೆ. ಆಮೇಲೆ ಮೆಕ್ಯಾನಿಕ್ ಮೆಹಬೂಬಣ್ಣ ಸೀಟು ಎತ್ತಿ, ಮೂಗು ಮುಂದೆ ಮಾಡಿ, "ಇದ್ಯಾಕ ಪಂಪಾ, ಇಂಜಿನ್ನಿಗೆ ಗುಡಿ ವಾಸನಿ ಬರಾಕತ್ತೈತಿ?" ಎಂದು ಕೇಳಿದ. ಪಂಪಾ ನನ್ನ ಕಡೆ ಒಮ್ಮೆ ನೋಡಿ, ಊದುಬತ್ತಿ ಹಚ್ಚಿದ್ದೆ ಅಂದಳು. ನಾನು ಆಗ ಆಕಾಶ ನೋಡುತ್ತಿದ್ದೆ.

ಮೆಹಬೂಬಣ್ಣ ನಮಗೆ ಮನೆಯವನ ಹಾಗೆ. ಗಾಡಿಯ ಕಾಯಿಲೆ ಕಂಡುಹಿಡಿಯದೆ ಬಿಟ್ಟವನಲ್ಲ. ಅವನು ಹೊಸ ಬೆಲ್ಟು ಹಾಕಿದ. ಜಾರಿತು. ಬೇರಿಂಗು ಬದಲಿಸಿದ, ಗಾಲಿಗಳು ಒಂದೇ ಸಾಲಿನಲ್ಲಿವೆಯೇ ಅಂತ ದಾರ ಹಿಡಿದು ನೋಡಿದ, ಡೈನಮೋವನ್ನು ಹಿಂದಕ್ಕೆ ಎಳೆದು ಬೆಲ್ಟು ಬಿಗಿ ಮಾಡಿದ. ನಾಲ್ಕು ದಿನ ಚಂದ ಓಡಿತು, ಐದನೆಯ ದಿನ ಮಳೆ ಬಂತು, ಜಾರಿತು. ಕೊನೆಗೆ ಮಳೆಯದೇ ತಪ್ಪಿರಬೇಕು ಅಂತ ಇಂಜಿನ್ನು ಚಾಲೂ ಇಟ್ಟು, ಗ್ಯಾರೇಜಿನ ಪೈಪು ಹಿಡಿದು ವ್ಯಾನಿನ ನೆತ್ತಿಯ ಮೇಲೆ ಅರ್ಧ ತಾಸು ಮಳೆ ಸುರಿಸಿದ. ಏನೂ ಆಗಲಿಲ್ಲ. ವ್ಯಾನು ಸ್ನಾನ ಮಾಡಿಕೊಂಡು ಫಳಫಳ ನಿಂತಿತು, ಮೆಹಬೂಬಣ್ಣ ತಾನೇ ತೊಯ್ದು ಶೀತ ಹಿಡಿಸಿಕೊಂಡ.

ಇಲ್ಲಿಂದ ನನ್ನ ತಲೆ ಪೂರ್ತಿ ಕೆಟ್ಟಿತು. ಕಂಪ್ಲಿ ದಾರಿಯಲ್ಲಿ ಜಿಟಿಜಿಟಿ ಮಳೆ ಹಿಡಿದ ದಿನ ಬೆಲ್ಟು ಗಟ್ಟಿಯಾಗಿ ಕುಂತಿತ್ತು. ಅಮಾವಾಸ್ಯೆಗೆ ಹಂಪಿಗೆ ಒಯ್ದು ವಿರೂಪಾಕ್ಷನ ಮುಂದೆ ವ್ಯಾನಿಗೆ ಕಾಯಿ ಒಡೆಸಿ ಬರುವಾಗ ಕಮಲಾಪುರದ ಹತ್ತಿರ ಮಳೆ ಹೊಡೆಯಿತು, ಆಗಲೂ ಜಾರಲಿಲ್ಲ. ದೇವರು ಕಣ್ಣು ಬಿಟ್ಟ ಅಂತ ಮನೆಗೆ ಬಂದು ಸಿಹಿ ಸಜ್ಜಕ ಮಾಡಿದೆ. ಮರುದಿನ ಸಂಡೂರಿನಲ್ಲಿ ಚುರುಚುರು ಬಿಸಿಲು, ಮೋಡದ ತುಣುಕೂ ಇಲ್ಲ. ಬೆಲ್ಟು ಜಾರಿತು. ಮಳೆಗೆ ಜಾರುವ ಬೆಲ್ಟು ಮಳೆಯಲ್ಲಿ ಜಾರದೆ ಬಿಸಿಲಲ್ಲಿ ಜಾರಿದರೆ ನನ್ನಂಥವಳು ಏನೆಂದು ತಿಳಿಯಬೇಕು? ನಿಂಬೆಹಣ್ಣು ಕಟ್ಟಿದೆ. ಎಡಗಡೆಯದನ್ನು ಬಿಚ್ಚಿ ಬಲಗಡೆ ಕಟ್ಟಿದೆ. ವ್ಯಾನಿಗೆ ಸಂಡೂರು ಕಂಡರೆ ಆಗುವುದಿಲ್ಲವೇನೋ, ಹಳೆಯ ಯಜಮಾನನ ಊರಲ್ಲವೇ, ಅಲ್ಲೇನೋ ನೋವಿರಬೇಕು ಅಂತ ಕೂಡ ಅಂದುಕೊಂಡೆ. ನಾವು ಅದನ್ನು ಕೊಂಡದ್ದು ಸಂಡೂರಿನವರ ಹತ್ತಿರವೇ. ಗಿರಿಜಾ ಈ ಮಾತು ಕೇಳಿ ಎಷ್ಟು ನಕ್ಕಳೆಂದರೆ ಕೈಯಲ್ಲಿದ್ದ ರೊಟ್ಟಿ ಹರಿಯಿತು.

ವೀರೇಶ ನಗಲಿಲ್ಲ. ಆ ಬಿಸಿಲಿನ ದಿನ ವ್ಯಾನು ನಿಂತದ್ದು ಏರಿನಲ್ಲಿ, ಹಿಂದೆ ಮುಂದೆ ಅದಿರಿನ ಲಾರಿಗಳು. ಪಂಪಾ ಒಬ್ಬಳೇ ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಕೈ ಬೀಸಿ ಬೀಸಿ ಲಾರಿಗಳನ್ನು ಬದಿಗೆ ಕಳಿಸಿದಳಂತೆ. ಮನೆಗೆ ಬಂದಾಗ ರೆಪ್ಪೆಯ ತನಕ ಕೆಂಪು ಧೂಳು. ವೀರೇಶನಿಗೆ ಹೆದರಿಕೆಯಾಗಿತ್ತು, ಅದನ್ನು ಸಿಟ್ಟು ಮಾಡಿಕೊಂಡು ಹೇಳಿದ. ಭಾನುವಾರದೊಳಗೆ ಇದರ ಕಾರಣ ಸಿಗದಿದ್ದರೆ ಕೀಲಿ ತನಗೆ ಕೊಡಬೇಕು, ರೊಟ್ಟಿ ಬೇರೆ ಯಾರದಾದರೂ ಆಟೋದಲ್ಲಿ ಹೋಗಲಿ, ಅವಳು ಇನ್ನು ಸ್ಟೀರಿಂಗು ಮುಟ್ಟುವುದು ಬೇಡ ಅಂದ. ಪಂಪಾ ತಟ್ಟೆ ಸರಿಸಿ ಎದ್ದಳು. ನನಗೆ ಅದೇ ಸಂಕಟ. ಮಾತಿಗೆ ಮಾತು ಕೊಡುವ ಹುಡುಗಿ ಅದು. ಅವಳು ಸುಮ್ಮನೆ ಊಟ ಬಿಟ್ಟು ಎದ್ದು ಹೋದರೆ ನನಗೆ ತುತ್ತು ಇಳಿಯುತ್ತದೆಯೇ?

ಭಾನುವಾರ ಬಂತು. ಮೆಹಬೂಬಣ್ಣ ನಮ್ಮ ಅಂಗಳದಲ್ಲೇ ಗಾಡಿ ನೋಡಲು ಬಂದಿದ್ದ. ನಾನು ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದೆ. ಪಂಪಾ ನನ್ನ ಪಕ್ಕದಲ್ಲಿ ಕುಂತು, ಹೆಂಚನ್ನೇ ನೋಡುತ್ತಿದ್ದಳು. ನಾನು ಒದ್ದೆ ಬಟ್ಟೆಯಿಂದ ರೊಟ್ಟಿಯ ಮೇಲೆ ನೀರು ಸವರಿದೆ. ಒಂದು ಹನಿ ಹೆಂಚಿನ ಅಂಚಿಗೆ ಬಿದ್ದು ಸಿಡಿದು ಅವಳ ಕೈಗೆ ತಾಗಿತು. ಅವಳು ಕೈ ಒರೆಸಿಕೊಳ್ಳಲಿಲ್ಲ, ನನ್ನ ಮುಖ ನೋಡಿದಳು.

"ಅಜ್ಜಿ, ಜಾರಿದಾಗೆಲ್ಲ ನೀರು ನೆಲದಾಗ ನಿಂತಿತ್ತು. ಮುಗಿಲಾಗ ಇತ್ತೋ ಇಲ್ಲೋ, ಅದಲ್ಲ ಲೆಕ್ಕ. ಕಂಪ್ಲಿ ದಾರ್ಯಾಗ, ಕಮಲಾಪುರದಾಗ ಮಳಿ ಬಂದ್ರೂ ರೋಡಿನಾಗ ನೀರು ನಿಂತಿರ್ಲಿಲ್ಲ. ಬಿಸಿಲಾಗ ಜಾರಿತಲ್ಲ, ಅವತ್ತು ಧೂಳು ಏಳಬಾರದಂತ ಟ್ಯಾಂಕರಿನವರು ರೋಡಿಗೆ ನೀರು ಬಿಟ್ಟಿದ್ರು."

ಇಷ್ಟು ಹೇಳಿ ಗೋಣಿಚೀಲ ಹಾಸಿಕೊಂಡು ವ್ಯಾನಿನ ಕೆಳಗೆ ನುಸುಳಿದಳು. ಮೊಬೈಲಿನ ಬೆಳಕು ಬಿಟ್ಟು ಸ್ವಲ್ಪ ಹೊತ್ತು ಅಲ್ಲೇ ಇದ್ದಳು. ಆಮೇಲೆ ಕೆಳಗಿನಿಂದಲೇ ಕೂಗಿ ಹೇಳಿದಳು. ಬೆಲ್ಟಿನ ಬುಡದಲ್ಲಿ ಮೂರು ತೂತು ಖಾಲಿ ಇವೆ, ಅಲ್ಲಿ ಏನೋ ಇತ್ತು, ಈಗ ಇಲ್ಲ.

ಮೆಹಬೂಬಣ್ಣ ಹಣೆ ಹಣೆ ಬಡಿದುಕೊಂಡ. ಚಕ್ರ ಚಿಮ್ಮಿಸುವ ನೀರು ಬೆಲ್ಟಿಗೆ ಬಡಿಯದಂತೆ ಅಲ್ಲಿ ಒಂದು ಅಡ್ಡ ತಗಡು ಇರಬೇಕಂತೆ. ಬೆಲ್ಟು ಜಾರಿತೆಂದು ತನ್ನ ಕೈಗೆ ಗಾಡಿ ಬಂದಾಗಲೇ ಅದು ಇರಲಿಲ್ಲ, ಹಳೆಯ ಯಜಮಾನನೇ ಕಳೆದಿರಬೇಕು ಅಂತ ತಿಳಿದುಕೊಂಡಿದ್ದನಂತೆ.

ಆ ಹೊತ್ತಿಗೆ ನಾನು ಬೆಂಕಿ ಮುಂದಕ್ಕೆ ತಳ್ಳಲು ಬಗ್ಗಿದ್ದೆ. ನನ್ನ ಕಣ್ಣೆದುರಿಗೆ, ಒಲೆಯ ಗಾಳಿ ಬದಿಗೆ ನಿಲ್ಲಿಸಿದ ತಗಡಿನಲ್ಲಿ, ಮೂರು ತೂತು. ಮೂರರೊಳಗಿನಿಂದಲೂ ಬೆಂಕಿ ಕಾಣುತ್ತಿತ್ತು. ಯುಗಾದಿಯಿಂದ ದಿನಾ ಎರಡು ಹೊತ್ತು ನೋಡಿದ ತೂತುಗಳು.

ನೆನಪಾಯಿತು. ಯುಗಾದಿಗೆ ಮನೆ ತೊಳೆಯುವಾಗ ವ್ಯಾನನ್ನೂ ತೊಳೆದಿದ್ದೆ. ಕೆಳಗೆ ಒಂದು ತಗಡು ಒಂದೇ ಸ್ಕ್ರೂವಿಗೆ ಜೋತುಬಿದ್ದಿತ್ತು, ಅದರಲ್ಲಿ ಎರಡು ಬೊಗಸೆ ಸಂಡೂರಿನ ಕೆಂಪು ಮಣ್ಣು. ಮಣ್ಣು ತೆಗೆಯೋಣ ಅಂತ ಎಳೆದೆ, ತಗಡೇ ಕೈಗೆ ಬಂತು. ಇಷ್ಟು ಸುಲಭವಾಗಿ ಬರುವುದು ಬೇಕಾದದ್ದು ಇರಲಾರದು ಅಂದುಕೊಂಡೆ. ತೊಳೆದು ನೋಡಿದರೆ ಒಲೆಗೆ ಹೇಳಿ ಮಾಡಿಸಿದ ಅಳತೆ. ಡ್ಯಾಂ ಕಡೆಯಿಂದ ಬೀಸುವ ಗಾಳಿಗೆ ನನ್ನ ಒಲೆ ಯಾವಾಗಲೂ ಒಂದು ಬದಿಗೆ ಉರಿಯುತ್ತಿತ್ತು. ತಗಡು ಇಟ್ಟ ಮೇಲೆ ರೊಟ್ಟಿಗಳು ಎಷ್ಟು ಚಂದ ಉಬ್ಬಿದವೆಂದರೆ, ಸಂಡೂರಿನ ಕ್ಯಾಂಟೀನಿನವರು ನಮ್ಮನ್ನು ಹುಡುಕಿಕೊಂಡು ಬಂದದ್ದೇ ಆ ರೊಟ್ಟಿ ತಿಂದು. ನೋಡಿರಿ ಹೆಂಗಿದೆ. ವ್ಯಾನು ಸಂಡೂರಿಗೆ ಹೋಗುವಂತೆ ಮಾಡಿದ್ದೂ ಆ ತಗಡೇ, ಹೋಗದಂತೆ ಮಾಡಿದ್ದೂ ಅದೇ. ಇದನ್ನು ಯೋಚಿಸಿದರೆ ಈಗಲೂ ತಲೆ ಗಿರ್ ಅನ್ನುತ್ತದೆ.

ನಿಮ್ಮ ಹತ್ತಿರ ಮುಚ್ಚಿಡುವುದೇನು, ತಗಡನ್ನು ಸೌದೆಯ ಹಿಂದೆ ಸರಿಸಿಬಿಡಲೇ ಅಂತ ಒಂದು ಸಲ ಅನ್ನಿಸಿತು. ಮೆಹಬೂಬಣ್ಣ ಹೊಸದೊಂದು ಮಾಡಿ ಕೂರಿಸುತ್ತಾನೆ, ಯಾರಿಗೂ ಏನೂ ತಿಳಿಯುವುದಿಲ್ಲ. ಕೈ ಆ ಕಡೆಗೆ ಹೋಗಿತ್ತು ಕೂಡ. ಅಷ್ಟರಲ್ಲಿ ವೀರೇಶ ಒಳಗಿನಿಂದ ಬಂದ. ಅವನು ತೂತಿನ ಮಾತು ಕೇಳಿರಲಿಲ್ಲ. ಮಗಳ ಮುಂದೆ ಅಂಗೈ ಚಾಚಿ ಕೀಲಿ ಕೇಳಿದ. ಪಂಪಾ ಮಣ್ಣಾದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕೀಲಿ ತೆಗೆದಳು.

"ವೀರೇಶ, ಕೀಲಿ ಅಕೀ ಕೈಯಾಗ ಇರ್ಲಿ" ಅಂದೆ. "ಬೆಲ್ಟಿಗೆ ಅಡ್ಡ ಇದ್ದ ತಗಡು ನನ್ನ ಒಲಿ ಮುಂದ ಐತಿ. ಅದನ್ನ ಕಿತ್ತಿದಾಕಿ ನಾನ. ಹುಡುಗಿದು ಏನೂ ತಪ್ಪಿಲ್ಲ."

ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಿಟ್ಟಿತು. ಆಮೇಲೆ ಮೆಹಬೂಬಣ್ಣ ಬಂದು, ಬಟ್ಟೆಯಿಂದ ತಗಡು ಹಿಡಿದೆತ್ತಿ, ತಿರುವಿ ಮರುವಿ ನೋಡಿದ. "ಎರಡು ತಿಂಗಳಿಂದ ನಾ ಇಡೀ ಗಾಡಿ ಬಿಚ್ಚಿ ಹುಡುಕಾಕತ್ತೀನಿ ಅಮ್ಮಾ, ನೀವು ಇದರ ಮುಂದ ಕುಂತು ನನಗ ರೊಟ್ಟಿ ಕೊಟ್ಟೀರಿ" ಅಂದ. ಬೆಂಕಿಗೆ ಸೊಟ್ಟಗಾಗಿದ್ದ ಅಂಚನ್ನು ಕಲ್ಲಿನ ಮೇಲಿಟ್ಟು ತಟ್ಟಿ ನೇರ ಮಾಡಿದ. ಮೂರು ಸ್ಕ್ರೂ ಹಾಕಿ ಕೂರಿಸಿದ. ಅರ್ಧ ತಾಸಿನ ಕೆಲಸ. ಮಸಿ ಹಿಡಿದ ತಗಡು ತನ್ನ ಜಾಗಕ್ಕೆ ಹೋಯಿತು.

ಇವತ್ತು ಬೆಳಿಗ್ಗೆ ದೇವರೇ ಪರೀಕ್ಷೆ ಇಟ್ಟಂತೆ ಮಳೆ. ಪಂಪಾ ರೊಟ್ಟಿ ಬುಟ್ಟಿಗಳನ್ನು ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಹೊರಟಳು. ವೀರೇಶ ಡ್ಯೂಟಿಯಿಂದ ಎರಡು ಸಲ ಫೋನು ಮಾಡಿ, ಅಲ್ಲಿ ಮಳೆ ಹೆಂಗೈತಿ ಅಂತ ನನ್ನನ್ನು ಕೇಳಿದ. ಡ್ಯಾಂ ಹತ್ತಿರ ಇರುವವನಿಗೆ ನಮ್ಮ ಮನೆಯ ಮಳೆ ಯಾಕೆ ಬೇಕಿತ್ತು? ಹನ್ನೊಂದರ ಸುಮಾರಿಗೆ ಪಂಪಾ ಫೋನಿನಲ್ಲಿ, "ಅಜ್ಜಿ, ಮುಟ್ಟೀನಿ. ಬ್ರಿಜ್ಜಿನ ಕೆಳಗ ಅರ್ಧ ಚಕ್ರ ನೀರಿತ್ತು" ಅಂದಳು. ಮಧ್ಯಾಹ್ನ ವ್ಯಾನಿನ ಹಾರನ್ನು ಕೇಳಿದಾಗ ನಾನು ಹಿಟ್ಟಿನ ಕೈಯಲ್ಲೇ ರಸ್ತೆಗೆ ಓಡಿದೆ. ಅವಳ ಎರಡೂ ಕೆನ್ನೆಗೆ ಹಿಟ್ಟಾಯಿತು.

ಸಂಜೆಗೆ ಮಳೆ ನಿಂತು ಗಾಳಿ ಎದ್ದಿತು. ಊಟಕ್ಕೆ ಅಂಗಳದಲ್ಲೇ ಬಿಸಿ ರೊಟ್ಟಿ ಬೇಯಿಸಲು ಕುಂತೆ. ತಗಡಿಲ್ಲದ ಒಲೆ ಒಂದು ಬದಿಗೆ ವಾಲಿ ಉರಿಯಿತು. ಮೊದಲ ರೊಟ್ಟಿ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಹಸಿ. ಎರಡನೆಯದೂ ಹಾಗೇ. ವೀರೇಶ ತಟ್ಟೆ ಹಿಡಿದು ಪಡಸಾಲೆಯಲ್ಲಿ ಕುಂತಿದ್ದವನು ನೋಡಿದ. ಎದ್ದು ಬಂದು, ಡ್ಯಾಂ ಕಡೆಗೆ ಬೆನ್ನು ಮಾಡಿ ಒಲೆಯ ಪಕ್ಕದಲ್ಲಿ ಕುಂತ. ಉರಿ ಸ್ವಲ್ಪ ನೆಟ್ಟಗಾಯಿತು. ಗಿರಿಜಾ ಬದನೆಕಾಯಿ ಪಲ್ಯದ ಬೋಗುಣಿ ಎತ್ತಿಕೊಂಡು ಬಂದು ಅವನ ಪಕ್ಕ ಕುಂತಳು. ಪಂಪಾ ಅಪ್ಪನ ಇನ್ನೊಂದು ಬದಿಗೆ ಕುಂತು, ಕೀಲಿಯನ್ನು ತನ್ನ ತಟ್ಟೆಯ ಪಕ್ಕದಲ್ಲಿಟ್ಟುಕೊಂಡಳು. ಮೂರು ಬೆನ್ನುಗಳ ಸಾಲು. ವೀರೇಶ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ, ನಾಳೆ ಹೊರಡುವ ಮುಂಚೆ ಮುಂದಿನ ಚಕ್ರದ ಗಾಳಿ ನೋಡಿಕೋ ಅಂತ ಮಗಳಿಗೆ ಹೇಳಿದ. ಅವಳು ತಲೆಯಾಡಿಸಿ, ತನ್ನ ಸೀದ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿ, ಅವನ ಕಡಿಮೆ ಸೀದದ್ದನ್ನು ತಾನು ತೆಗೆದುಕೊಂಡಳು.

ಇಷ್ಟು ವರ್ಷ ಈ ಒಲೆಗೆ ಗಾಳಿ ತಡೆಯಲು ಏನಿಡಲಿ ಅಂತ ಇಟ್ಟಿಗೆ, ಗೋಣಿ, ತಗಡು ಎಲ್ಲ ಹುಡುಕಿದವಳು ನಾನು. ಇವರನ್ನು ಕೂರಿಸಿದರೆ ಆಗುತ್ತದೆ ಅಂತ ಹೊಳೆದಿರಲಿಲ್ಲ. ಮೂರನೆಯ ರೊಟ್ಟಿ ಹೆಂಚಿನ ಮೇಲೆ ಉಬ್ಬಿ ಚೆಂಡಿನ ಹಾಗೆ ನಿಂತಿತು. ಅದನ್ನು ನಾಲ್ಕು ಪಾಲು ಮಾಡಿದೆ. ನನ್ನ ಪಾಲು ಹಿಡಿದು ನಾನೂ ಅವರ ಸಾಲಿನಲ್ಲೇ ಕುಂತೆ.