ಮನವಿ ಪತ್ರಕ್ಕೆ ಹನ್ನೊಂದು ಕೈ

ಎರಡೂವರೆ ತಿಂಗಳ ಹಿಂದೆ ಫೇಸ್‌ಬುಕ್‌ನಲ್ಲಿ ಒಂದು ಫೋಟೊ ಹಾಕಿದ್ದೆ, ನೆನಪಿದೆಯಾ? ಹನ್ನೊಂದು ಮಂದಿ ಸೇರಿ ಒಂದೇ ಒಂದು ಎ-ಫೋರ್ ಹಾಳೆಯನ್ನು ಹಿಡಿದುಕೊಂಡ ಫೋಟೊ. ಎಡದಿಂದ ಮೂರನೆಯವಳು ನಾನು. ನಿಮ್ಮಲ್ಲಿ ಬಹಳಷ್ಟು ಮಂದಿ ಹೂವು, ಚಪ್ಪಾಳೆ ಎಲ್ಲ ಕಳಿಸಿದ್ದಿರಿ. ದಯವಿಟ್ಟು ವಾಪಸ್ ತೆಗೆದುಕೊಳ್ಳಿ.

ಆ ಹಾಳೆಯಲ್ಲಿದ್ದದ್ದು ಬಸವರಾಜ್ ಎಂಬವರ ಕಷ್ಟ. ಬಾಗಲಕೋಟೆ ಕಡೆಯವರು, ಇಲ್ಲಿ ಕೊಲ್ಲಿ ದೇಶದಲ್ಲಿ, ಮೆಸಯೀದ್ ಎಂಬ ಕಾರ್ಖಾನೆಗಳ ಊರಿನಲ್ಲಿ ಪೈಪ್ ಫಿಟ್ಟರ್. ಅವರ ಸಣ್ಣ ಕಾಂಟ್ರಾಕ್ಟ್ ಕಂಪನಿ ಒಂದು ದಿನ ಬಾಗಿಲು ಹಾಕಿತು. ಮಾಲೀಕ ನಾಪತ್ತೆ, ಕೆಲಸ ಖಲಾಸ್. ಇಲ್ಲಿ ಹಾಗಾದರೆ ಕಾರ್ಮಿಕ ಕಚೇರಿಯಲ್ಲಿ ಹೆಸರು ಬರೆಸಬೇಕು. ಬಾಕಿ ಸಂಬಳಕ್ಕೂ ಅದೇ ದಾರಿ, ಬೇರೆ ಕಂಪನಿಗೆ ಹೋಗಲು ಅನುಮತಿಗೂ ಅದೇ ದಾರಿ.

ಬಸವರಾಜ್‌ಗೆ ಬೇಕಿದ್ದದ್ದು ಮುಖ್ಯವಾಗಿ ಎರಡನೆಯದು. ‘ಬಾಕಿ ಇವತ್ತಲ್ಲ ನಾಳೆ ಬರಲ್ರಿ ಅಕ್ಕಾರ. ನನಗ ಕೆಲಸ ಬೇಕು’ ಎಂದಿದ್ದರು.

ಅವರು ಇಲ್ಲಿನ ನಮ್ಮ ಕನ್ನಡ ಸಂಘದ ಸದಸ್ಯರು. ರಾಜ್ಯೋತ್ಸವಕ್ಕೆ ಕುರ್ಚಿ ಹಾಕುವವರು, ಎಲ್ಲರೂ ಹೋದ ಮೇಲೆ ಅದೇ ಕುರ್ಚಿ ಎತ್ತಿಡುವವರು. ಸಹಜವಾಗಿ ಸಂಘಕ್ಕೆ ಬಂದರು. ಸಂಘ ಸಭೆ ಕರೆಯಿತು. (ನಮ್ಮ ಸಂಘಕ್ಕೆ ಬೇರೇನೂ ಕರೆಯಲು ಬರುವುದಿಲ್ಲ.)

‘ಲೇಬರ್ ಕ್ಯಾಂಪಿನ್ಯಾಗ ಬೋರ್ಡ್ ಮ್ಯಾಲೆ ಆ ಆಫೀಸಿಂದು ನಂಬರ್ ಬರದಾರ್ರಿ. ಅದಕ್ಕ ಫೋನ್ ಹಚ್ಚಲೇನ್ರಿ?’ ಎಂದು ಬಸವರಾಜ್ ಕೇಳಿದರು. ಇಡೀ ಸಭೆಯಲ್ಲಿ ಬಂದ ಬುದ್ಧಿವಂತಿಕೆಯ ಮಾತು ಇದೊಂದೇ.

ಅಧ್ಯಕ್ಷರು ಹೌಹಾರಿದರು. ‘ಛೆ ಛೆ, ಡೈರೆಕ್ಟ್ ಎಲ್ಲ ಮಾಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ! ಫೈಲ್ ಹಾಳಾಗ್ತದೆ. ಚಾನೆಲ್ ಪ್ರಕಾರವೇ ಹೋಗುವ. ನಮ್ಮ ಗೌರವಾಧ್ಯಕ್ಷರಿಗೆ ಮೇಲೆ ಎಲ್ಲ ಪರಿಚಯ ಉಂಟು.’

ಯಾವ ಫೈಲು? ಇನ್ನೂ ಹುಟ್ಟಿಯೇ ಇರಲಿಲ್ಲ. ಆದರೆ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸಮೋಸ ಬಿಸಿಯಾಗಿತ್ತು.

ಹೀಗೆ ಮನವಿ ಪತ್ರ ತಯಾರಾಯಿತು. ‘ಘನತೆವೆತ್ತ’ ಬೇಕೋ ‘ಸನ್ಮಾನ್ಯ’ ಬೇಕೋ ಎಂದು ಅರ್ಧ ಗಂಟೆ ಚರ್ಚೆ. ಮುಂದಿನ ಶುಕ್ರವಾರ ಸೂಕ್ ವಾಕಿಫ್ ಮಾರುಕಟ್ಟೆಯ ಹೋಟೆಲೊಂದರಲ್ಲಿ ಅದನ್ನು ಗೌರವಾಧ್ಯಕ್ಷರಿಗೆ ಅರ್ಪಿಸಿದೆವು. ಅಂದರೆ ಸಂಘ ತನ್ನದೇ ಗೌರವಾಧ್ಯಕ್ಷರಿಗೆ ಮನವಿ ಕೊಟ್ಟಿತು. ಅದಕ್ಕೊಂದು ಬ್ಯಾನರ್ ಬೇರೆ. ನಾನು ಹೊಸ ಶಾಲು ಹೊದ್ದುಕೊಂಡಿದ್ದೆ, ಸುಳ್ಳೇಕೆ ಹೇಳಲಿ?

ಆ ಫೋಟೊದಲ್ಲಿ ಬಸವರಾಜ್ ಇಲ್ಲ. ಫೋಟೊ ತೆಗೆದದ್ದೇ ಅವರು. ‘ಸ್ವಲ್ಪ ಹಿಂದೆ ಹೋಗಿ, ಬ್ಯಾನರ್ ಫುಲ್ ಬರ್ಲಿ’ ಎಂದು ನಮ್ಮ ಕಾರ್ಯದರ್ಶಿ ಅವರನ್ನು ಗೋಡೆಯ ತನಕ ತಳ್ಳಿದ್ದರು.

ಆಮೇಲೆ? ಆಮೇಲೇನೂ ಇಲ್ಲ. ಗೌರವಾಧ್ಯಕ್ಷರು ಬಿಸಿನೆಸ್ ಟ್ರಿಪ್‌ನಲ್ಲಿದ್ದರು. ಬಂದರು. ಮತ್ತೆ ಹೋದರು. ಬಸವರಾಜ್ ಕ್ಯಾಂಪ್ ಬಿಟ್ಟು ನಗರದ ನಜ್ಮಾ ಬಡಾವಣೆಯಲ್ಲಿ ಪರಿಚಯದವರ ರೂಮಿಗೆ ಬಂದಿದ್ದರು. ಬಾಡಿಗೆಯ ಬದಲು ಆರು ಮಂದಿಗೆ ಅಡುಗೆ ಮಾಡಿ ಹಾಕುತ್ತಿದ್ದರು. ವಾರಕ್ಕೊಮ್ಮೆ ಅಧ್ಯಕ್ಷರಿಗೆ ಫೋನ್ ಮಾಡುತ್ತಿದ್ದರು. ‘ಪ್ರೊಸೆಸ್‌ನಲ್ಲಿ ಉಂಟು’ ಎಂದು ಇವರು ಮೂಗಿಗೆ ತುಪ್ಪ ಸವರುತ್ತಿದ್ದರು.

ಕಳೆದ ವಾರ ಬಸವರಾಜ್ ನನಗೆ ಫೋನ್ ಮಾಡಿದರು. ‘ಅಕ್ಕಾರ, ಆ ಮನವೀದು ಏನರ ಸುದ್ದಿ ಬಂತೇನ್ರಿ?’

ನನಗೆ ಬೆಂಕಿ ಬಿದ್ದಂತಾಯಿತು. ಗೌರವಾಧ್ಯಕ್ಷರಿಗೆ ನೇರವಾಗಿ ಫೋನ್ ಮಾಡಿದೆ. ‘ಯಾವ ಲೆಟರ್ ಮೇಡಂ? ಆವತ್ತು ಫೋಟೊ ಆದ ಮೇಲೆ ನಿಮ್ಮ ಸೆಕ್ರೆಟರಿ ವಾಪಸ್ ತಗೊಂಡ್ರಲ್ಲಾ?’ ಎಂದರು. ಸೆಕ್ರೆಟರಿ ಅದನ್ನು ಸಂಘದ ದಾಖಲೆಗೆಂದು ಜೋಪಾನವಾಗಿ ಇಟ್ಟಿದ್ದರಂತೆ. ಲ್ಯಾಮಿನೇಟ್ ಮಾಡಿಸಿ!

ಆ ಬೋರ್ಡಿನ ನಂಬರ್ ಕೇಳಿ ತೆಗೆದುಕೊಂಡು ನಾನೇ ಫೋನ್ ಮಾಡಿದೆ. ಯಾವ ಭಾಷೆ ಬೇಕೆಂದು ಕೇಳಿತು. ಹಿಂದಿ ಒತ್ತಿದೆ. ಒಬ್ಬ ಎತ್ತಿದ. ಬಸವರಾಜ್‌ರ ಐಡಿ ನಂಬರ್ ಬರೆದುಕೊಂಡ, ಬೆಳಿಗ್ಗೆ ಕಾಗದಪತ್ರದೊಂದಿಗೆ ಬರಲು ಹೇಳಿದ. ಒಟ್ಟು ನಾಲ್ಕು ನಿಮಿಷ. ಪರಿಚಯ ಬೇಡ, ಚಾನೆಲ್ ಬೇಡ, ‘ಘನತೆವೆತ್ತ’ವೂ ಬೇಡ. ಹನ್ನೊಂದು ಮಂದಿಯ ಜೇಬಿನಲ್ಲೂ ಫೋನ್ ಇತ್ತು, ಸ್ವಾಮಿ. ಫೋಟೊಗೆ ಮಾತ್ರ ಬಳಸಿದೆವು.

ಮರುದಿನ ಬಸವರಾಜ್‌ರನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಟೋಕನ್ ಸಿಕ್ಕಿತು, ಬೇಗ ಕರೆದರು. ಕೌಂಟರಿನ ಹುಡುಗಿ ಹಿಂದಿ ಮಾತಾಡುತ್ತಿದ್ದಳು, ಮರ್ಯಾದೆಯಿಂದಲೇ. ಕಂಪ್ಯೂಟರ್ ನೋಡಿದಳು, ಮತ್ತೊಮ್ಮೆ ನೋಡಿದಳು.

ಬಾಕಿ ಸಂಬಳದ ಅರ್ಜಿ ತೆಗೆದುಕೊಳ್ಳುತ್ತೇವೆ ಎಂದಳು. ಆದರೆ ಇವರ ರೆಸಿಡೆನ್ಸಿ ಪರವಾನಗಿ ಮುಗಿದು, ಅದರ ಮೇಲೆ ಕೊಡುವ ಹೆಚ್ಚುವರಿ ಗಡುವೂ ಒಂದು ವಾರದ ಹಿಂದೆ ಮುಗಿದಿದೆ. ಇನ್ನು ಬೇರೆ ಕಂಪನಿಗೆ ಹೋಗಲು ಆಗುವುದಿಲ್ಲ. ಊರಿಗೆ ಹೋಗಬೇಕು.

ಬಸವರಾಜ್ ಕೈಯಲ್ಲಿದ್ದ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಕವರಿಗೆ ವಾಪಸ್ ಹಾಕಿದರು. ನನಗೆ ಅವರ ಮುಖ ನೋಡಲು ನಾಚಿಕೆಯಾಯಿತು.

ಆ ಹುಡುಗಿಗೂ ಪಾಪ ಅನ್ನಿಸಿರಬೇಕು. ‘ನಿಮ್ಮದೇ ಕಂಪನಿಯ ನಾಲ್ವರು ನೇಪಾಳಿಗಳು ಬಾಗಿಲು ಹಾಕಿದ ವಾರವೇ ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದರು. ನಾಲ್ವರಿಗೂ ಬೇರೆ ಕಡೆ ಕೆಲಸ ಆಗಿದೆ. ನೀವ್ಯಾಕೆ ಅವರ ಜೊತೆ ಬರಲಿಲ್ಲ?’ ಎಂದು ಕೇಳಿದಳು.

ಬಸವರಾಜ್ ನನ್ನ ಕಡೆ ತಿರುಗಿ, ಸ್ವಲ್ಪವೂ ವ್ಯಂಗ್ಯವಿಲ್ಲದೆ, ಕನ್ನಡದಲ್ಲಿ ಹೇಳಿದರು: ‘ಅವ್ರಿಗೆ ಇಲ್ಲಿ ಯಾರೂ ಇದ್ದಿದ್ದಿಲ್ಲ ಅಂತ ಹೇಳ್ರಿ ಅಕ್ಕಾರ. ನನಗ ಸಂಘ ಇತ್ತಲ್ರಿ.’