ಮಾತಾಡುವ ಆಟ

ಗುಹೆಗಳಲ್ಲಿ ದಾರಿ ಹುಡುಕುವ ಒಂದು ಹಳೆಯ ವಿಡಿಯೋ ಗೇಮ್‌ನಿಂದಲೇ ನಾನು ಇಂಗ್ಲಿಷ್ ಓದಲು ಕಲಿತದ್ದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲಿಗೆಗೆ ಕೂತವಳು ನಾನು. ಪರದೆಯಲ್ಲಿ ಬರುವ ಪದಗಳನ್ನು ಸೀಮೆಸುಣ್ಣದಲ್ಲಿ ಬಟ್ಟೆಚೂರಿನ ಮೇಲೆ ಬರೆದಿಟ್ಟು, ಹೊಲಿಸಲು ಬಂದವರಿಗೆ ತೋರಿಸಿ ಅರ್ಥ ಕೇಳುತ್ತಿದ್ದೆ. ಇಪ್ಪತ್ತು ವರ್ಷದ ಮೇಲೆ ಈಗ ಅದರ ಎರಡನೇ ಭಾಗ ಬಂದಿದೆ. ಇದರಲ್ಲಿ ಎಲ್ಲವನ್ನೂ ಆಟವೇ ಬಾಯಿಬಿಟ್ಟು ಹೇಳುತ್ತದೆ, ಅದೂ ಕನ್ನಡದಲ್ಲಿ. ನನಗೆ ಅವಮಾನವಾದಂತಾಯಿತು. ಸದ್ದೆಲ್ಲ ನಿಲ್ಲಿಸಿ, ಕೆಳಗಿನ ಇಂಗ್ಲಿಷ್ ಸಾಲು ಓದಿಕೊಂಡೇ ಆಡುತ್ತಿದ್ದೆ.

ಮೊನ್ನೆ ಹೊಲಿದ ಯೂನಿಫಾರಂಗಳ ಗಂಟು ಹೊತ್ತು ಹೊಳೆನರಸೀಪುರದಲ್ಲಿ ಅರಕಲಗೂಡಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ನನ್ನದೇ ವಯಸ್ಸಿನ ಹೆಂಗಸು ಮೊಬೈಲಿನಲ್ಲಿ ಅದೇ ಆಟ ಆಡುತ್ತಿದ್ದಳು, ಬಸ್ಸಿಗೆಲ್ಲ ಕೇಳುವಷ್ಟು ಜೋರಾಗಿ.

"ಹಳೇದರ ಮುಂದೆ ಇದೇನು ಆಟ ಬಿಡಮ್ಮ. ಓದೋ ಕೆಲಸವೇ ಇಲ್ಲ," ಅಂದೆ.

"ಅದ್ಕೇ ಕಣಕ್ಕ ಆಡ್ತಿರಾದು. ನಂಗೆ ಓದಕ್ಕೆ ಬರಾಕಿಲ್ಲ. ಅಳೇದ್ನ ನಮ್ಮಣ್ಣ ಆಡೋನು, ನಾನು ಇಂದೆ ಕೂತು ನೋಡೋಳು, ಅಷ್ಟೇಯ."

ಹದಿನೈದು ದಿನದಿಂದ ನಾನು ಸಿಕ್ಕಿಕೊಂಡಿದ್ದ ಗುಹೆಯನ್ನು ಅವಳು ನನ್ನ ಕಣ್ಣೆದುರೇ ದಾಟಿದಳು. ಹೇಗೆಂದು ಬಾಯಿಬಿಟ್ಟು ಕೇಳಲು ನನಗೆ ಅರ್ಧ ದಾರಿ ಬೇಕಾಯಿತು.

"ನೀರಿನ ಸದ್ದು ಎತ್ಲಾಗಿಂದ ಬತ್ತದೋ ಅತ್ಲಾಗೇ ಓಗ್ಬೇಕು ಕಣಕ್ಕ. ಕೇಳಾಕಿಲ್ವಾ ನಿಂಗೆ?"

"ನನ್ನ ಫೋನಿನ ಸ್ಪೀಕರ್ ಕೆಟ್ಟಿದೆ," ಎಂದು ಸುಳ್ಳು ಹೇಳಿದೆ. ಪಾಪ, ಅದನ್ನು ನಂಬಿ, ಅರಕಲಗೂಡು ಬರುವವರೆಗೂ ತನ್ನ ಫೋನನ್ನು ನನ್ನ ಕಿವಿಗೆ ಹಿಡಿದು ಕೇಳಿಸಿದಳು.

ಹಳೆಯ ಆಟವೇ ವಾಸಿ ಎಂದು ಈಗಲೂ ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ, ಅವಳೊಬ್ಬಳನ್ನು ಬಿಟ್ಟು.