ಮದುವೆ ಮನೆಯಲ್ಲಿ ಯೂನಿಫಾರ್ಮ್ ಇಲ್ಲದ ನರ್ಸ್

ಕಳೆದ ವರ್ಷ ಕ್ರಿಸ್ಮಸ್ ಮುಗಿದ ವಾರದ ಮಾತು. ಗಲ್ಫ್‌ನಲ್ಲಿರುವವರೆಲ್ಲ ರಜೆಯಲ್ಲಿ ಊರಿಗೆ ಬಂದಿರುವ ಸಮಯ. ಮಂಗಳೂರಿನಲ್ಲಿ ಹಾಲ್ ಸಿಗದಷ್ಟು ಮದುವೆಗಳು. ನಾನು ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಆಗ ಶಕ್ತಿನಗರದ ಗ್ರೆಗರಿ ಅಂಕಲ್ ಅವರ ಆರೈಕೆ ನನ್ನ ಪಾಲಿಗೆ ಬಂದಿತ್ತು.

ಅಂಕಲ್ ನಿವೃತ್ತ ಹೆಡ್‌ಮಾಸ್ಟರ್. ಪಾರ್ಶ್ವವಾಯುವಿನ ನಂತರ ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡಿದ್ದರು. ಮಾತು ನಿಧಾನವಾಗಿತ್ತು, ಆದರೆ ಅರ್ಥವಾಗುತ್ತಿತ್ತು. ತೊಂದರೆ ಇದ್ದದ್ದು ನುಂಗುವುದರಲ್ಲಿ. ತೆಳ್ಳಗಿನ ನೀರು, ಒಣ ತಿಂಡಿ ಎರಡೂ ಅವರಿಗೆ ಅಪಾಯ. ಗಂಟಲಿನಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಆಸ್ಪತ್ರೆಯೇ ಗತಿ. ಎಲ್ಲವನ್ನೂ ಮಂದವಾದ ಗಂಜಿಯ ಹದಕ್ಕೆ ತಂದು, ಗಲ್ಲ ತಗ್ಗಿಸಿ ಕೂರಿಸಿ, ಚಮಚದಲ್ಲಿ ತಿನ್ನಿಸಬೇಕಿತ್ತು.

ಅವರ ಮೊಮ್ಮಗಳು ರಿಯಾಳಿಗೆ ಮದುವೆ ನಿಶ್ಚಯವಾಗಿತ್ತು. ಅವರ ಸಂಬಂಧಿಕರ ಮದುವೆಗಳಲ್ಲಿ ಟೋಸ್ಟ್, ಅಂದರೆ ಗ್ಲಾಸ್ ಎತ್ತಿ ಮದುಮಕ್ಕಳಿಗೆ ಶುಭ ಹಾರೈಸುವ ಮಾತು, ಹೇಳುವವರು ಯಾವಾಗಲೂ ಗ್ರೆಗರಿ ಅಂಕಲ್. ಈ ಟೋಸ್ಟನ್ನೂ ತಾನೇ ಹೇಳಬೇಕೆಂಬುದು ಅವರ ಒಂದೇ ಆಸೆ. ಅದಕ್ಕಾಗಿ ಬೆಳಿಗ್ಗೆ ಬೆಳಿಗ್ಗೆ ಕನ್ನಡಿಯ ಎದುರು ಕೂತು ತುಟಿಗಳ ವ್ಯಾಯಾಮ ಮಾಡುತ್ತಿದ್ದರು. ನಾನು ಬಂದದ್ದು ಗೊತ್ತಾದರೆ ಕ್ಷೌರ ನೋಡಿಕೊಳ್ಳುವವರಂತೆ ಕೆನ್ನೆ ಸವರಿಕೊಳ್ಳುತ್ತಿದ್ದರು.

ಅಂಕಲ್‌ರ ಮಗ, ರಿಯಾಳ ಅಪ್ಪ ಅನಿಲ್ ಕುವೈಟ್‌ನಿಂದ ಬಂದವರು ಪಣಂಬೂರು ಬೀಚಿನ ಆಚೆ ಒಂದು ದೊಡ್ಡ ಮನೆಯನ್ನು ಮದುವೆಯ ದಿನಗಳಿಗೆ ಬಾಡಿಗೆಗೆ ಹಿಡಿದರು. ಮನೆಯವರೆಲ್ಲ ಅಲ್ಲಿಗೆ ಹೋಗಿ ಉಳಿಯುವುದು, ಅಂಕಲ್ ಜೊತೆ ನಾನೂ ಹೋಗುವುದು ಎಂದಾಯಿತು. ಹೊರಡುವ ಮೊದಲೇ ನಾನು ನನ್ನ ಮಾತು ಹೇಳಿದೆ: ಅಂಕಲ್‌ರ ಕೆಲಸ ಮಾತ್ರ ನನ್ನದು, ಅವರ ಊಟ ಆದ ಮೇಲೆ ನನ್ನ ಊಟ, ಉಡುಗೊರೆ ಬೇಡ. ರೋಗಿಯ ಮನೆಯವರ ಜೊತೆ ಪ್ರಯಾಣ ಹೋದಾಗ ನರ್ಸ್ ಮೊದಲು ಅತಿಥಿಯಾಗುತ್ತಾಳೆ, ಆಮೇಲೆ ಅಡುಗೆಯವಳಾಗುತ್ತಾಳೆ, ಕೊನೆಗೆ ಮಕ್ಕಳನ್ನು ಹಿಡಿದುಕೊಳ್ಳುವವಳಾಗುತ್ತಾಳೆ. ಅಷ್ಟರಲ್ಲಿ ರೋಗಿಯನ್ನು ನೋಡುವವರು ಯಾರೂ ಇರುವುದಿಲ್ಲ.

ಅನಿಲ್ ಎಲ್ಲದಕ್ಕೂ ಒಪ್ಪಿದರು. ಆಮೇಲೆ ಮೆಲ್ಲಗೆ ಹೇಳಿದರು, "ಸಿಸ್ಟರ್, ಒಂದು ಉಂಟು. ಯೂನಿಫಾರ್ಮ್ ಬೇಡ. ಡ್ಯಾಡಿ ಪೂರ್ತಿ ಗುಣ ಆಗಿದ್ದಾರೆ ಅಂತ ಎಲ್ಲರಿಗೂ ಹೇಳಿದ್ದೇವೆ. ನರ್ಸ್ ಅಂತ ಗೊತ್ತಾದ್ರೆ ಜನ ಅವರನ್ನು ಪಾಪ ಅಂತ ನೋಡ್ತಾರೆ. ಡ್ಯಾಡಿಗೆ ಅದು ಆಗುವುದಿಲ್ಲ."

"ಯೂನಿಫಾರ್ಮ್ ಹಾಕುವುದಿಲ್ಲ. ಆದರೆ ಸುಳ್ಳು ಹೇಳುವುದಿಲ್ಲ," ಎಂದೆ.

"ನೀವು ಎಂತ ಹೇಳುವುದೂ ಬೇಡ. ದುಬೈಯಿಂದ ಬಂದ ಸಂಬಂಧಿ ಅಂತ ನಾವೇ ಹೇಳ್ತೇವೆ."

ಬೇರೆ ಊರಿನಲ್ಲಾದರೆ ಇದು ನಡೆಯುತ್ತಿತ್ತೋ ಏನೋ. ಮಂಗಳೂರಿನ ಕ್ರೈಸ್ತರ ಮದುವೆಯಲ್ಲಿ ಗೊತ್ತಿಲ್ಲದ ಸಂಬಂಧಿಯನ್ನು ಸೃಷ್ಟಿಸುವುದು ಸಾಧ್ಯವೇ ಇಲ್ಲ. ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರ. ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಗಲಾಟೆ ಅಂಗಳದಲ್ಲಿ ನಡೆದಿತ್ತು. ಹಚ್ಚಿ ಮುಗಿದ ಮೇಲೆ ಹುಡುಗರು ಒಬ್ಬರ ತಲೆಯ ಮೇಲೊಬ್ಬರು ಮೊಟ್ಟೆ ಒಡೆಯುತ್ತಿದ್ದರು. ಬಿಕರ್ನಕಟ್ಟೆಯಿಂದ ಬಂದಿದ್ದ ದೂರದ ಸಂಬಂಧಿ ಸ್ಟೆಲ್ಲಾ ಆಂಟಿ ನನ್ನ ಪಕ್ಕ ಕುರ್ಚಿ ಎಳೆದುಕೊಂಡರು. ಮಾತು ಕೊಂಕಣಿಯಲ್ಲಿ ನಡೆದದ್ದು. ಇಲ್ಲಿ ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿಂದು ಯಾವ ಇಗರ್ಜಿ?" ನಮ್ಮಲ್ಲಿ ಚರ್ಚ್ ಯಾವುದೆಂಬುದೇ ಮೊದಲ ಪ್ರಶ್ನೆ.

"ಕುಲಶೇಖರ, ಆಂಟಿ."

"ಮನೆ ಇಗರ್ಜಿಯಿಂದ ಮೇಲೆಯಾ, ಕೆಳಗೆಯಾ?"

"ಕೆಳಗೆ."

"ಕೆಳಗೆ ಅಂದರೆ ಬೇಕರಿ ಹಿಂದೆಯಾ? ಬೆನ್ನನ ಮಗಳಾ ನೀನು? ಮೂಗು ನೋಡಿದಾಗಲೇ ಅಂದುಕೊಂಡೆ! ಅವನು ನನ್ನ ಗಂಡನ ಒಟ್ಟಿಗೆ ಪೋರ್ಟಿನಲ್ಲಿ ಕೆಲಸಕ್ಕಿದ್ದ ಮಾರಾಯ್ತಿ. ಅವನಿಗೆ ದುಬೈಯಲ್ಲಿ ಮಗಳು ಎಲ್ಲಿಂದ ಬಂದದ್ದು?"

"ದುಬೈ ಅಂತ ನಾನು ಹೇಳಲಿಲ್ಲ ಆಂಟಿ."

"ಮತ್ತೆ ಹೇಳಿದ್ದು ಯಾರು?"

ನಾನು ಅಂಗಳದ ಕಡೆ ನೋಡಿದೆ. ಅನಿಲ್ ತಲೆಯಿಂದ ಮೊಟ್ಟೆ ಇಳಿಯುತ್ತಿತ್ತು. ಆಂಟಿ ಅವರನ್ನೂ ನನ್ನನ್ನೂ ನೋಡಿ ಕಣ್ಣು ಮಿಟುಕಿಸಿದರು. "ತಿಳಿಯಿತು ಬಿಡು. ಅನಿಲನ ಸಣ್ಣ ಮಗನಿಗೆ ನೋಡಿದ್ದಾರೆ. ಹುಡುಗಿಯನ್ನು ಮೊದಲೇ ಕರೆದುಕೊಂಡು ಬಂದದ್ದು. ನಾನು ಯಾರಿಗೂ ಹೇಳುವುದಿಲ್ಲ."

ರಾತ್ರಿಯ ಊಟಕ್ಕೆ ಬಂದವರೆಲ್ಲ ನನಗೆ ಎರಡೆರಡು ಸಲ ಬಡಿಸಿದರು. ಅನಿಲ್‌ರ ಸಣ್ಣ ಮಗ ರಜೆ ಸಿಗದೆ ಕುವೈಟ್‌ನಲ್ಲೇ ಉಳಿದಿದ್ದ ಕಾರಣ ಬಚಾವಾದ.

ನಾನು ನಕ್ಕೆ, ನಿಜ. ಆದರೆ ಒಂದು ವಿಷಯ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ನರ್ಸ್ "ಬೇಡ" ಎಂದರೆ ಜನ ಕೇಳುತ್ತಾರೆ. ಮುಂದೆ ಸೊಸೆಯಾಗುವ ಹುಡುಗಿ "ಬೇಡ" ಎಂದರೆ ಯಾರು ಕೇಳುತ್ತಾರೆ? ಹಾಗೆಂದು ಅಂಕಲ್‌ರ ಕಾಯಿಲೆಯನ್ನು ಊರಿಗೆ ಹೇಳುವ ಹಕ್ಕು ನನಗಿಲ್ಲ.

ಮರುದಿನ ಇಗರ್ಜಿಯ ಪೂಜೆ ಮುಗಿದು ಹಾಲ್‌ನಲ್ಲಿ ಕೇಕ್ ಕತ್ತರಿಸಿದರು. ಅಂಕಲ್ ಮುಂದಿನ ಸಾಲಿನಲ್ಲಿ ಕೋಟು ಹಾಕಿ ಕೂತಿದ್ದರು, ಹಿಂದೆ ನಾನು. ಮದುಮಕ್ಕಳು ಹಿರಿಯರಿಗೆ ಕೇಕ್ ತಿನ್ನಿಸುವ ಪದ್ಧತಿ ಉಂಟಲ್ಲ, ಅದಕ್ಕೆ ಅನಿಲ್ ರಿಯಾಳಿಗೆ ಮೊದಲೇ ಹೇಳಿಟ್ಟಿದ್ದರು: ಅಜ್ಜನ ತುಟಿಗೆ ಮುಟ್ಟಿಸಿ ತೆಗೆದುಬಿಡು. ಆದರೆ ಹತ್ತಿರ ಬಂದಾಗ ಮದುಮಗ ಅವಳ ಕೈಯಿಂದ ತುಂಡು ತೆಗೆದುಕೊಂಡ. "ಅಜ್ಜನಿಗೆ ನಾನು ಕೊಡ್ತೇನೆ," ಎಂದ. ಒಳ್ಳೆಯ ಹುಡುಗ, ಗೌರವದಿಂದಲೇ ಬಗ್ಗಿದ. ಕೈಯಲ್ಲಿ ದೊಡ್ಡ ಪ್ಲಮ್ ಕೇಕ್ ತುಂಡು, ಗೋಡಂಬಿ ಸಮೇತ. ರಿಯಾಳ ಮುಖ ಬಿಳುಚಿತು. ಅಂಕಲ್ ಹೊಸ ಮೊಮ್ಮಗನಿಗೆ ಇಲ್ಲ ಎನ್ನಲಾರದೆ ಬಾಯಿ ತೆರೆದರು.

ನಾನು ಮದುಮಗನ ಕೈ ಹಿಡಿದೆ.

ಬ್ಯಾಂಡಿನವರು ನುಡಿಸುವುದನ್ನು ನಿಲ್ಲಿಸಿದರು. ಹಿಂದಿನ ಸಾಲಿನಿಂದ ಸ್ಟೆಲ್ಲಾ ಆಂಟಿಯ ದನಿ ಕೇಳಿತು, "ಎಂತ ಮಾರಾಯ್ತಿ ಇದು! ನಿನ್ನ ಹುಡುಗ ಅಲ್ಲ ಅದು!" ಒಂದಿಬ್ಬರು ನಕ್ಕರು. ಮದುಮಗನ ತಾಯಿ ನಗಲಿಲ್ಲ. ವೇದಿಕೆಯ ಹತ್ತಿರವಿದ್ದ ಅನಿಲ್ ದೂರದಿಂದಲೇ ನನಗೆ ತಲೆ ಅಲ್ಲಾಡಿಸಿ ಬೇಡ ಎಂದು ಸನ್ನೆ ಮಾಡುತ್ತಿದ್ದರು.

ಕೈ ಬಿಡದೆ ನಾನು ಅಂಕಲ್‌ರ ಕಿವಿಯ ಹತ್ತಿರ ಬಗ್ಗಿ ಕೇಳಿದೆ, "ಅಂಕಲ್, ನಾನು ಯಾರು ಅಂತ ಇವರಿಗೆ ಹೇಳಲಾ? ಬೇಡದಿದ್ದರೆ ಏನೂ ಹೇಳದೆ ನಿಮ್ಮನ್ನು ಹೊರಗೆ ಕರೆದುಕೊಂಡು ಹೋಗ್ತೇನೆ."

ಹೊರಗೆ ಹೋದರೆ ಟೋಸ್ಟ್ ಇಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಂಕಲ್ ಹಾಲ್ ಪೂರ್ತಿ ಒಮ್ಮೆ ನೋಡಿದರು, ಗದ್ದಲದ ಕ್ಲಾಸಿಗೆ ಬಂದ ಹೆಡ್‌ಮಾಸ್ಟರರಂತೆ. ಆಮೇಲೆ ಕೋಲು ಊರಿ ಎದ್ದರು. "ನಾನೇ ಹೇಳ್ತೇನೆ. ಮೈಕ್ ಕೊಡಿ."

ಮೈಕ್ ಬಂತು. ಒಂದೊಂದೇ ಪದವನ್ನು ಎತ್ತಿಟ್ಟಂತೆ ಅವರು ಮಾತಾಡಿದರು. "ಇವಳು ದುಬೈಯವಳು ಅಲ್ಲ. ನನ್ನ ನರ್ಸ್. ನನಗೆ ನುಂಗಲಿಕ್ಕೆ ಕಷ್ಟ ಉಂಟು. ಅದಕ್ಕೆ ಕೇಕ್ ಬೇಡ. ಪುತಾ, ಅದನ್ನು ನೀನು ತಿನ್ನು." ಮಗನೇ ಎಂದು ಕರೆಸಿಕೊಂಡ ಮದುಮಗ ವಿಧೇಯನಾಗಿ ತುಂಡನ್ನು ತನ್ನ ಬಾಯಿಗೇ ಹಾಕಿಕೊಂಡ. ಆಗ ಅವನ ತಾಯಿಯೂ ನಕ್ಕರು.

"ಹಿಂದೆ ನನ್ನ ಟೋಸ್ಟ್ ಉದ್ದ ಅಂತ ಎಲ್ಲರೂ ಬೈಯುತ್ತಿದ್ದಿರಿ," ಅಂಕಲ್ ಮುಂದುವರಿಸಿದರು. "ಈಗ ದೇವರೇ ಕಟ್ ಮಾಡಿದ್ದಾನೆ. ರಿಯಾ, ಅವನ ಮಾತು ಕೇಳು. ನೀನೂ ಅವಳ ಮಾತು ಕೇಳು. ಇಬ್ಬರಿಗೂ ದೇವ್ ಬರೆಂ ಕರುಂ." ದೇವರು ಒಳ್ಳೆಯದು ಮಾಡಲಿ ಎಂದು ಅದರ ಅರ್ಥ. ಗ್ಲಾಸ್ ಎತ್ತಿದರು, ಕುಡಿಯದೆ ಕೆಳಗಿಟ್ಟರು. ಚಪ್ಪಾಳೆಯ ಮಧ್ಯೆ ಸ್ಟೆಲ್ಲಾ ಆಂಟಿ ಬಂದು, "ವೇಸ್ಟ್ ಎಂತಕ್ಕೆ ಮಾಡುವುದು?" ಎಂದು ಆ ವೈನನ್ನು ಒಂದೇ ಗುಟುಕಿಗೆ ಮುಗಿಸಿದರು. ಯಾರೂ ಅಂಕಲ್‌ರನ್ನು ಪಾಪ ಎಂದು ನೋಡಲಿಲ್ಲ. ಅರ್ಧ ಹಾಲ್ ಮಾತ್ರ ತಮ್ಮ ಬಿಪಿ, ಶುಗರ್ ಹೇಳಿಕೊಳ್ಳಲು ನನ್ನ ಬಳಿ ಬಂತು. ಡ್ಯೂಟಿಯಲ್ಲಿದ್ದೇನೆ ಎಂದು ಎಲ್ಲರನ್ನೂ ಕಳಿಸಿದೆ. ಈ ಸಲ ಎಲ್ಲರೂ ಕೇಳಿದರು.

ವಾಪಸ್ ಬರುವಾಗ ವ್ಯಾನಿನಲ್ಲಿ ಅನಿಲ್ ಮುಂದಿನ ಸೀಟಿನಲ್ಲಿದ್ದರು. ಅರ್ಧ ದಾರಿಯಲ್ಲಿ ತಡೆಯಲಾಗದೆ ಹಿಂದೆ ತಿರುಗಿದರು.

"ಡ್ಯಾಡಿ, ಜನರಿಗೆ ಗೊತ್ತಾದರೆ ನಿಮಗೆ ತೊಂದರೆ ಇಲ್ಲ ಅಂತ ಮೊದಲೇ ಹೇಳಬಾರದಿತ್ತಾ?"

ಅಂಕಲ್ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ನೀನು ಕೇಳಲೇ ಇಲ್ಲವಲ್ಲ, ಪುತಾ."

ಅನಿಲ್‌ಗೆ ಹೇಳಿದ ಆ ಮಾತನ್ನು ನಾನೂ ಇಟ್ಟುಕೊಂಡಿದ್ದೇನೆ. ಈಗ ಯಾವ ಮನೆಯವರು ಪ್ರಯಾಣಕ್ಕೆ ಕರೆದರೂ ಅವರ ಷರತ್ತು, ನನ್ನ ಷರತ್ತು ಮಾತಾಡುವ ಮೊದಲು ಕುರ್ಚಿ ಎಳೆದುಕೊಂಡು ರೋಗಿಯ ಹತ್ತಿರ ಕೂರುತ್ತೇನೆ. "ನಾನು ಯಾರು ಅಂತ ಜನರಿಗೆ ಹೇಳುವುದು?" ಎಂದು ಅವರನ್ನೇ ಕೇಳುತ್ತೇನೆ. ಹೆಚ್ಚಿನವರು ಮೊದಲು ಆಶ್ಚರ್ಯದಿಂದ ನೋಡುತ್ತಾರೆ. ಆಮೇಲೆ ಸ್ವಲ್ಪ ನೆಟ್ಟಗೆ ಕೂರುತ್ತಾರೆ.